40,000 ಫೈಲುಗಳಲ್ಲಿ ಒಂದು ಹೆಸರು

ಪ್ರಶ್ನೆ: ಶಿರಸಿ ಹತ್ತಿರದ ಊರಿನಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಈಗ ಕೈಗೆ ಬಂದಿರುವ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ 40,000 ಫೈಲುಗಳಿವೆ. ಒಂದು ಹೆಸರು ಎಲ್ಲೆಲ್ಲಿದೆ ಎಂದು ನೋಡಲು ಗ್ರೆಪ್ (ಫೈಲುಗಳೊಳಗೆ ಪದ ಹುಡುಕುವ ಕಮಾಂಡ್) ಕೊಟ್ಟು ಚಹಾ ಕುಡಿದು ಬಂದರೂ ಹುಡುಕಾಟ ಮುಗಿದಿರುವುದಿಲ್ಲ. ಮಳೆಗೆ ನೆಟ್ ಹೋದರೆ ಕಂಪನಿಯ ಸರ್ಚ್ ಪುಟವೂ ಇಲ್ಲ. ಏನು ಮಾಡಲಿ?

ಉತ್ತರ: ಗ್ರೆಪ್‌ನದು ತಪ್ಪಿಲ್ಲ. ಕೆನ್ ಥಾಂಪ್ಸನ್ ಬರೆದ, ಐವತ್ತು ವರ್ಷ ದಾಟಿದ ಈ ಸಾಧನ ಕಳಿಸಿದಲ್ಲೆಲ್ಲ ಹೋಗುತ್ತದೆ. ನೋಡ್ ಮಾಡ್ಯೂಲ್ಸ್ (ಹೊರಗಿನಿಂದ ತಂದ ಕೋಡಿನ ಫೋಲ್ಡರ್), ಬಿಲ್ಡ್ ಫೋಲ್ಡರ್, ಲಾಗ್ ಎಲ್ಲ ಜಾಲಾಡಿ ಬರುತ್ತಿರಬೇಕು. ತೋಟದಲ್ಲಿ ಬಿಟ್ಟ ಕತ್ತಿಗೆ ಸೊಪ್ಪಿನ ಬೆಟ್ಟವನ್ನೆಲ್ಲ ಸುತ್ತಿದ ಹಾಗೆ!

ಮೊದಲು, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಜೊತೆಗೇ ಬರುವ ಗಿಟ್ ಗ್ರೆಪ್ ಬಳಸಿ ನೋಡಿ. ಗಿಟ್ ಲೆಕ್ಕದಲ್ಲಿರುವ ಫೈಲುಗಳನ್ನಷ್ಟೇ ಅದು ನೋಡುತ್ತದೆ. ಹೊಸದೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ನೆಟ್ಟೂ ಬೇಡ. ಇನ್ನೂ ವೇಗ ಬೇಕೆಂದರೆ 2016ರಲ್ಲಿ ಬಂದ ರಿಪ್‌ಗ್ರೆಪ್. ವಿಎಸ್ ಕೋಡ್ ಎಡಿಟರ್‌ನ ಹುಡುಕಾಟದ ಹಿಂದೆ ಇರುವುದೂ ಅದೇ. ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಲೆಕ್ಕಕ್ಕೆ ಸೇರಿಸಬಾರದವುಗಳ ಪಟ್ಟಿ) ಬರೆದಿದ್ದನ್ನು, ಹೆಸರು ಚುಕ್ಕಿಯಿಂದ ಶುರುವಾಗುವ ಫೈಲುಗಳನ್ನು ಅದು ಮುಟ್ಟುವುದಿಲ್ಲ. ನಾನು ಎಡವಿದ್ದು ಇಲ್ಲೇ. ಎಲ್ಲೂ ಬಳಕೆಯಲ್ಲಿಲ್ಲ ಎಂದುಕೊಂಡು ಒಂದು ಫಂಕ್ಷನ್ ಅಳಿಸಿದೆ. ಗಿಟ್‌ಇಗ್ನೋರ್‌ನಲ್ಲಿದ್ದ ಕಾನ್ಫಿಗ್ ಫೈಲೊಂದು ಅದನ್ನೇ ಕರೆಯುತ್ತಿತ್ತು. ಅಳಿಸುವ ಮುಂಚೆ ರಿಪ್‌ಗ್ರೆಪ್‌ಗೆ ಎರಡು ಸಲ ಯು ಆಯ್ಕೆ (-uu) ಕೊಟ್ಟು, ಬಿಟ್ಟ ಫೈಲುಗಳನ್ನೂ ಸೇರಿಸಿ ಮತ್ತೊಮ್ಮೆ ಹುಡುಕಿ.

ಕಂಪನಿಯ ಸರ್ಚ್ ಪುಟ ಅಷ್ಟು ಚುರುಕಾಗಿರುವುದೇಕೆ ಎಂಬ ಕುತೂಹಲವಿದ್ದರೆ: ಝೋಕ್ಟ್‌ನಂಥ ಸಾಧನಗಳು ಕೋಡನ್ನು ಮೂರು ಮೂರು ಅಕ್ಷರದ ತುಣುಕು ಮಾಡಿ ಸೂಚಿ ಕಟ್ಟಿಡುತ್ತವೆ. ‘ಟೋಟಲ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಟಿಓಟಿ, ಓಟಿಎ, ಟಿಎಎಲ್ ಮೂರೂ ಇರುವ ಫೈಲುಗಳನ್ನು ಮಾತ್ರ ತೆರೆದು ನೋಡಿದರೆ ಸಾಕು. ನಿಮ್ಮ 40,000 ಫೈಲಿಗೆ ಮನೆಯಲ್ಲಿ ಇದನ್ನು ಕಟ್ಟಿಕೊಳ್ಳುವ ಉಸಾಬರಿ ಬೇಡ.

ಫಂಕ್ಷನ್ ಎಲ್ಲಿ ಹುಟ್ಟಿದೆ ಎಂದಷ್ಟೇ ಬೇಕಿದ್ದರೆ ಹೆಸರುಗಳ ಪಟ್ಟಿ ಮಾಡಿಡುವ ಸಿಟ್ಯಾಗ್ಸ್, ಇಲ್ಲವೇ ಎಡಿಟರ್‌ಗೆ ಕೋಡ್ ಅರ್ಥಮಾಡಿಕೊಡುವ ಲ್ಯಾಂಗ್ವೇಜ್ ಸರ್ವರ್. ಆದರೆ ‘ಟ್ಯಾಕ್ಸ್’ಗೆ ರಾಜ್ಯದ ಹೆಸರು ಸೇರಿಸಿ ಪ್ರೋಗ್ರಾಂ ಓಡುವಾಗ ಹುಟ್ಟುವ ಹೆಸರು ಇಡಿಯಾಗಿ ಯಾವುದಕ್ಕೂ ಸಿಗದು, ತುಂಡು ತುಂಡಾಗಿಯೇ ಹುಡುಕಬೇಕು.

ಹಳೆಯ ಕೋಡಿನಲ್ಲಿ ನನಗೆ ಹೆಚ್ಚು ಒದಗಿದ್ದು ಗಿಟ್ ಲಾಗ್‌ನ ದೊಡ್ಡ ಎಸ್ ಆಯ್ಕೆ (-S). ನೀವು ಕೊಟ್ಟ ಪದ ಯಾವ ಕಮಿಟ್‌ನಲ್ಲಿ (ದಾಖಲಾದ ಬದಲಾವಣೆಯಲ್ಲಿ) ಬಂತು, ಯಾವಾಗ ಹೋಯಿತು ಎಂದು ತೋರಿಸುತ್ತದೆ. ಡೆಪ್ತ್ 1 ಹಾಕಿ, ಅಂದರೆ ಕೊನೆಯ ಕಮಿಟ್ ಮಾತ್ರ ತರುವಂತೆ, ಕ್ಲೋನ್ (ನಕಲು) ಮಾಡಿದ್ದರೆ ಆ ಚರಿತ್ರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ನೆಟ್ ಇದ್ದಾಗಲೇ ಅನ್‌ಶ್ಯಾಲೋ ಆಯ್ಕೆ ಕೊಟ್ಟು ಪೂರ್ತಿ ಚರಿತ್ರೆಯನ್ನು ಫೆಚ್ ಮಾಡಿಟ್ಟುಕೊಳ್ಳಿ.