ಮನೆಯವರನ್ನೇ ಸರಣಿಯಾಗಿ ತೆಗೆಯುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಮಂದಿಯ ಮುಪ್ಪು, ಕಾಯಿಲೆ, ಅಗಲಿಕೆಗಳನ್ನು ಫೋಟೊ ಸರಣಿಯಾಗಿ ತೆಗೆಯಲು ಹೊರಟವರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಅಮ್ಮನಿಗೆ 78 ವರ್ಷ. ವರ್ಷವಿಡೀ ಅವರ ಫೋಟೊ ತೆಗೆಯುವ ಆಸೆ. ಆದರೆ ಕ್ಯಾಮೆರಾ ಕಂಡರೆ ಸಾಕು, ಸೆರಗು ಸರಿಮಾಡಿಕೊಂಡು ಸೆಟೆದು ಕೂರುತ್ತಾರೆ. ಹಳೇ ಮನೆ, ಒಳಗೆ ಬೆಳಕೂ ಸಾಲದು. ನನ್ನಲ್ಲಿರುವುದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಎಂಎಂ ಕಿಟ್ ಲೆನ್ಸು, ಒಂದು ಫೋನು. (ಸಾಗರದ ಓದುಗರು)

ಉತ್ತರ: ಮೊದಲು ಅವರಿಗೆ ಬೇಕಾದ ಫೋಟೊ ತೆಗೆದುಕೊಡಿ. ಸೆರಗು ಸರಿಮಾಡಿ ನೆಟ್ಟಗೆ ಕೂತು ತೆಗೆಸಿಕೊಳ್ಳುವುದೇ ಅವರ ಪಾಲಿಗೆ ಫೋಟೊ. ಒಳ್ಳೆಯ ಸೀರೆ ಉಡಲಿ, ಹೂ ಮುಡಿಯಲಿ. 8×10 ಇಂಚಿನ ಪ್ರಿಂಟ್ ಹಾಕಿಸಿ ಕೈಗೆ ಕೊಟ್ಟಮೇಲೆ ಕ್ಯಾಮೆರಾದ ಬಗೆಗಿನ ಬಿಗುವು ಅರ್ಧ ಇಳಿಯುತ್ತದೆ. ಆಮೇಲೆ, ಕೈಗೆ ಕೆಲಸವಿರುವ ಹೊತ್ತು ನೋಡಿ: ಬತ್ತಿ ಹೊಸೆಯುವಾಗ, ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ. ಬೆರಳು ಕೆಲಸದಲ್ಲಿದ್ದರೆ ಮುಖ ತಾನಾಗಿ ಸಡಿಲಾಗುತ್ತದೆ. ‘ನಗಮ್ಮ’ ಎಂದು ಮಾತ್ರ ಹೇಳಬೇಡಿ.

ಬೆಳಕಿಗೆ ಒಂದು ಕಿಟಕಿ ಸಾಕು. ಬಿಸಿಲು ನೇರ ಬೀಳದ ಹೊತ್ತಿನಲ್ಲಿ ಅವರನ್ನು ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರ, ಒಂದು ಕೆನ್ನೆ ಕಿಟಕಿಯ ಕಡೆಗಿರುವಂತೆ ಕೂರಿಸಿ. ಇನ್ನೊಂದು ಕೆನ್ನೆ ತೀರಾ ಕಪ್ಪಾದರೆ ಆ ಬದಿಯಲ್ಲಿ ಎರಡು ಮೂರು ಅಡಿ ದೂರಕ್ಕೆ ಒಂದು ಬಿಳಿ ಪಂಚೆ ಇಳಿಬಿಡಿ. ಟ್ಯೂಬ್‌ಲೈಟ್ ಆರಿಸುವುದನ್ನು ಮರೆಯಬೇಡಿ. ಹಗಲಿನ ಬೆಳಕಿಗೂ ಟ್ಯೂಬಿನ ಬೆಳಕಿಗೂ ಬಣ್ಣ ಬೇರೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಒಂದನ್ನು ಸರಿಪಡಿಸಿದಾಗ ಇನ್ನೊಂದು ಕೆಡುತ್ತದೆ.

ಕಿಟ್ ಲೆನ್ಸು 50 ಎಂಎಂ ಹತ್ತಿರ ಹೋದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಎಫ್ ಅಂಕೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಒಳಬರುವ ಬೆಳಕು ಹೆಚ್ಚು). ಹಣ ಹೂಡುವುದಿದ್ದರೆ ಎಫ್ 1.8ರ ಒಂದು ಪ್ರೈಮ್ (ಜೂಮ್ ಇಲ್ಲದ) ಲೆನ್ಸಿಗೆ ಹೂಡಿ. 50 ಎಂಎಂ ಕೊಂಡರೆ ಸೊಂಟದವರೆಗಿನ ಚಿತ್ರಕ್ಕೆ ನೀವು ಆರೇಳು ಅಡಿ ಹಿಂದೆ ಸರಿಯಬೇಕು. ಅಡುಗೆಮನೆ ಇಕ್ಕಟ್ಟಾಗಿದ್ದರೆ 35 ಎಂಎಂ ವಾಸಿ. ಎಫ್ 2.8, ಶಟರ್ 1/125 ಸೆಕೆಂಡು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ 1600: ಕಿಟಕಿ ಬೆಳಕಿಗೆ ಇಲ್ಲಿಂದ ಶುರುಮಾಡಿ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಚೂಪಾಗಿ, ಇನ್ನೊಂದು ಮಸುಕಾಗುತ್ತದೆ. ಶಟರ್ 1/60ಕ್ಕೆ ಇಳಿದರೆ ಹೂ ಕಟ್ಟುವ ಬೆರಳು ಕದಡುತ್ತದೆ. ಐಎಸ್ಒ ಏರಿಸಲು ಹೆದರಿ ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸಿದರೆ, ಐಎಸ್ಒ ಏರಿಸಿದಾಗ ಬರುವುದಕ್ಕಿಂತ ಹೊಲಸಾದ ಕಾಳುಕಾಳು ಬರುತ್ತದೆ. ಬೆಳ್ಳಿಕೂದಲು ಬಿಳುಚಿಹೋಗುತ್ತಿದ್ದರೆ ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಮೈನಸ್ 0.3ಕ್ಕೋ 0.7ಕ್ಕೋ ಇಳಿಸಿ, ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೆಯಿರಿ.

ರಾತ್ರಿ ಎಲ್ಇಡಿ ದೀಪದಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಮೂಡಿದರೆ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಮಿನುಗಿನ ಪೂರ್ತಿ ಸುತ್ತು ಒಳಬಂದು ಪಟ್ಟೆ ಹೋಗುತ್ತದೆ.

ಫೋನಿನಲ್ಲಾದರೆ 1ಎಕ್ಸ್‌ನಲ್ಲಿ (ಜೂಮ್ ಮಾಡದೆ) ಮುಖದ ಹತ್ತಿರಕ್ಕೆ ನುಗ್ಗಬೇಡಿ, ಮೂಗು ಹಿಗ್ಗುತ್ತದೆ. 2ಎಕ್ಸ್ ಇಟ್ಟು ನಾಲ್ಕೈದು ಅಡಿ ದೂರ ನಿಲ್ಲಿ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಕನ್ನಡಕದ ಅಂಚನ್ನೂ ಕೆದರಿದ ಕೂದಲನ್ನೂ ತಿಂದುಹಾಕುತ್ತದೆ. ಚರ್ಮ ನುಣುಪು ಮಾಡುವ ಸೆಟಿಂಗ್ ಇದ್ದರೆ ಇವತ್ತೇ ಆಫ್ ಮಾಡಿ. ಸುಕ್ಕನ್ನು ಅಳಿಸಿದಮೇಲೆ ಈ ಸರಣಿಯಲ್ಲಿ ಉಳಿಯುವುದು ಏನೂ ಇಲ್ಲ.

ಪ್ರಶ್ನೆ: ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಫೋಟೊ ಇರುವುದೇ ಕೆಲವು: ಫ್ರೇಮಿನ ಗಾಜಿಗೆ ಅಂಟಿಹೋದ ಒಂದು ಸ್ಟುಡಿಯೊ ಚಿತ್ರ, ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಒಂದಷ್ಟು, ಜೊತೆಗೆ ನೆಗೆಟಿವ್‌ಗಳು. ಅವರ ವಸ್ತುಗಳನ್ನೂ ಸೇರಿಸಿ ಒಂದು ಸರಣಿ ಮಾಡಬಹುದೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಖಂಡಿತ ಮಾಡಬಹುದು. ಮೊದಲ ಎಚ್ಚರಿಕೆ: ಗಾಜಿಗೆ ಅಂಟಿದ ಫೋಟೊವನ್ನು ಕೀಳಬೇಡಿ. ಫೋಟೊ ಕಾಗದದ ಮೇಲಿನ ಜಿಲೆಟಿನ್ ಪದರ ಮಳೆಗಾಲದ ತೇವ ಹೀರಿ ಮೆತ್ತಗಾಗಿ ಗಾಜಿಗೆ ಕಚ್ಚಿರುತ್ತದೆ. ಎಳೆದರೆ ಅಪ್ಪನ ಮುಖವೇ ಪದರದೊಡನೆ ಎದ್ದು ಬರುತ್ತದೆ. ಮನೆಯಲ್ಲಿ ನೀರಿನಲ್ಲಿ ನೆನೆಸುವ ಪ್ರಯೋಗವೂ ಬೇಡ. ಗಾಜು ಒರೆಸಿ, ಗಾಜಿನ ಸಮೇತ ಕಾಪಿ ಮಾಡಿ.

ಕಾಪಿಗೆ ಫ್ರೇಮನ್ನು ಮೇಜಿನ ಮೇಲೆ ಮಲಗಿಸಿ, ಕ್ಯಾಮೆರಾವನ್ನು ಟ್ರೈಪಾಡಿನಲ್ಲಿ ನೇರ ಕೆಳಮುಖವಾಗಿ ನಿಲ್ಲಿಸಿ. ಒಂದೇ ಬಗೆಯ ಎರಡು ದೀಪ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ. ಎಫ್ 8, ಐಎಸ್ಒ 100, ಎರಡು ಸೆಕೆಂಡಿನ ಟೈಮರ್. ಗಾಜಿನಲ್ಲಿ ಕ್ಯಾಮೆರಾದ ಪ್ರತಿಬಿಂಬ ಕಂಡರೆ ಒಂದು ಕಪ್ಪು ರಟ್ಟಿನ ನಡುವೆ ತೂತು ಮಾಡಿ ಲೆನ್ಸನ್ನು ಅದರಿಂದ ತೂರಿಸಿ, ಕೋಣೆಯ ಬೇರೆ ದೀಪ ಆರಿಸಿ. ಫೋಟೊದ ನಾಲ್ಕು ಅಂಚೂ ಕ್ಯಾಮೆರಾ ಪರದೆಯ ಅಂಚಿಗೆ ಸಮಾನಾಂತರವಾಗಿಲ್ಲದಿದ್ದರೆ ಕ್ಯಾಮೆರಾ ಓರೆಯಾಗಿದೆ ಎಂದೇ ಲೆಕ್ಕ.

ಅಂಟು ಹಾಳೆಯ ಆಲ್ಬಮ್ ಫೋಟೊಗಳಿಗೆ ಶತ್ರು. ಮೇಲಿನ ಪ್ಲಾಸ್ಟಿಕ್ ಹಾಳೆ ಎತ್ತಿ, ಡೆಂಟಲ್ ಫ್ಲಾಸ್ ದಾರವನ್ನು ಫೋಟೊದ ಒಂದು ಮೂಲೆಯಡಿ ತೂರಿಸಿ, ಗರಗಸದಂತೆ ಹಿಂದೆ ಮುಂದೆ ಮೆಲ್ಲಗೆ ಎಳೆಯುತ್ತ ಬನ್ನಿ. ಬಿಡದಿದ್ದರೆ ಹಟ ಬೇಡ, ಅಲ್ಲೇ ಬಿಟ್ಟು ಹಾಳೆ ಸಮೇತ ಕಾಪಿ ಮಾಡಿ. ಬಿಡಿ ಪ್ರಿಂಟುಗಳನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 4×6 ಇಂಚಿನ ಪ್ರಿಂಟಿನಿಂದ 2400×3600 ಪಿಕ್ಸೆಲ್ ಸಿಗುತ್ತದೆ; 8×12 ಇಂಚಿಗೆ ಹಿಗ್ಗಿಸಬಹುದು. 35 ಎಂಎಂ ನೆಗೆಟಿವ್‌ಗೆ 3200 ಡಿಪಿಐ ಬೇಕು. ನೆಗೆಟಿವ್‌ಗಳನ್ನು ನಿರ್ಲಕ್ಷಿಸಬೇಡಿ. ಆಲ್ಬಮ್ಮಿಗೆ ಆಯ್ಕೆಯಾಗದ, ಅಪ್ಪ ಎತ್ತಲೋ ನೋಡುತ್ತಿರುವ ಚಿತ್ರಗಳು ಇರುವುದು ಅಲ್ಲೇ.

ಇನ್ನು ವಸ್ತುಗಳು. ಖಾಲಿ ಕುರ್ಚಿ ಎಲ್ಲರೂ ತೆಗೆಯುವ ಚಿತ್ರ. ಅದೊಂದರಿಂದ ಅಪ್ಪ ಎಂಥವರೆಂದು ತಿಳಿಯುವುದಿಲ್ಲ. ಅವರು ತಲೆ ಒರಗಿಸುತ್ತಿದ್ದ ಕಡೆ ಗೋಡೆಯ ಸುಣ್ಣಕ್ಕೆ ಹತ್ತಿದ ಎಣ್ಣೆಯ ಕಲೆ ನೋಡಿ. ಕನ್ನಡಕದ ಕಡ್ಡಿಗೆ ದಾರ ಸುತ್ತಿ ರಿಪೇರಿ ಮಾಡಿಕೊಂಡದ್ದು, ಡೈರಿಯಲ್ಲಿ ಅಡಿಕೆ ಕೊಯ್ಲಿನ ಲೆಕ್ಕ, ಸವೆದು ಒಂದು ಬದಿ ತೆಳುವಾದ ಚಪ್ಪಲಿ: ಬಳಕೆಯ ಗುರುತಿರುವುದೇ ಬೇಕು. ವಸ್ತುಗಳನ್ನು ತೊಳೆಯಬೇಡಿ, ಒರೆಸಬೇಡಿ, ಇದ್ದ ಜಾಗದಲ್ಲೇ ತೆಗೆಯಿರಿ. ಮನೆಗೆ ಸುಣ್ಣ ಬಣ್ಣ ಮಾಡಿಸುವ ಯೋಚನೆಯಿದ್ದರೆ ಅದಕ್ಕೆ ಮೊದಲೇ ಈ ಕೆಲಸ ಮುಗಿಸಿ.

ಪ್ರಶ್ನೆ: ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಫೋಟೊ ತೆಗೆದರೆ ‘ಇಂಥ ಸ್ಥಿತೀಲೂ ಫೋಟೊ ಬೇಕಾ’ ಎಂದು ಚಿಕ್ಕಪ್ಪ ಬೈಯುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ? (ಹಾಸನದ ಓದುಗರು)

ಉತ್ತರ: ಅಜ್ಜಿ ಒಪ್ಪಿದ್ದರೆ ತಪ್ಪಲ್ಲ. ಆದರೆ ಒಮ್ಮೆ ಒಪ್ಪಿದ್ದು ಸದಾಕಾಲಕ್ಕೂ ಅಲ್ಲ. ಪ್ರತಿದಿನ ಕೇಳಬೇಕು, ಮುಖ ತಿರುಗಿಸಿದರೆ ಅದೇ ಉತ್ತರ. ಮರೆವಿನ ಕಾಯಿಲೆ ಇದ್ದರೆ ಅವರ ಪರವಾಗಿ, ಅವರನ್ನು ನೋಡಿಕೊಳ್ಳುತ್ತಿರುವವರು ಹೇಳಬೇಕು. ಸ್ನಾನ, ಬಟ್ಟೆ ಬದಲಿಸುವುದು, ನೋವಿನಿಂದ ನರಳುವುದು ಬೇಡವೇ ಬೇಡ. ತೆಗೆದದ್ದನ್ನು ಅವರಿಗೂ ಚಿಕ್ಕಪ್ಪನಿಗೂ ತೋರಿಸಿ, ಬೇಡವೆಂದದ್ದನ್ನು ಎದುರಿಗೇ ಅಳಿಸಿ. ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಒಂದನ್ನೂ ಹಾಕಬೇಡಿ. ಚಿಕ್ಕಪ್ಪನ ಸಿಟ್ಟಿಗೆ ಕ್ಯಾಮೆರಾಕ್ಕಿಂತ, ಚಿತ್ರ ನಾಲ್ಕು ಜನರ ಕಣ್ಣಿಗೆ ಬಿದ್ದೀತೆಂಬ ಭಯವೇ ಕಾರಣವಿರಬಹುದು.

ಅಮೆರಿಕದ ಫೋಟೊಗ್ರಾಫರ್ ರಿಚರ್ಡ್ ಅವೆಡಾನ್ ಕ್ಯಾನ್ಸರ್‌ನಿಂದ ಕುಗ್ಗುತ್ತಿದ್ದ ತಮ್ಮ ತಂದೆಯ ಚಿತ್ರಗಳನ್ನು 1969ರಿಂದ 1973ರವರೆಗೆ ತೆಗೆದರು. 1974ರಲ್ಲಿ ಅವು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನವಾದವು. ಅವುಗಳ ಬಲವಿರುವುದು ಮಗನ ಕ್ಯಾಮೆರಾವನ್ನು ಎದುರಿಸಿ ನೋಡುವ ತಂದೆಯ ಕಣ್ಣಿನಲ್ಲಿ. ಕಾಯಿಲೆಯ ಸಲಕರಣೆಗಳಲ್ಲಿ ಅಲ್ಲ. ಡ್ರಿಪ್ ಬಾಟಲಿ, ಮಾತ್ರೆಯ ಪಟ್ಟಿ ಒಂದೆರಡು ಚಿತ್ರಕ್ಕೆ ಸಾಕು.

ಸಾವಿನ ಮನೆಯಲ್ಲಿ ತೆಗೆಯುವುದು ಹೊಸದೇನಲ್ಲ. ಸ್ಟುಡಿಯೊದವರನ್ನು ಕರೆಸಿ, ಶವದ ಸುತ್ತ ಮನೆಮಂದಿ ಕೂತು ಫೋಟೊ ತೆಗೆಸುವ ವಾಡಿಕೆ ಎಷ್ಟೋ ಊರುಗಳಲ್ಲಿತ್ತು. ಆದರೂ ಮನೆಯ ಹಿರಿಯರನ್ನು ಮೊದಲೇ ಕೇಳಿ. ಶಟರಿನ ಸದ್ದು, ಫ್ಲ್ಯಾಶ್, ಫೋಕಸ್ ಸಹಾಯಕ್ಕೆ ಹೊತ್ತಿಕೊಳ್ಳುವ ಕೆಂಪು ದೀಪ ಮೂರೂ ಆಫ್ ಆಗಿರಲಿ.

ಪ್ರಶ್ನೆ: ಸಿಡ್ನಿಯಲ್ಲಿದ್ದೇನೆ. ಊರು ಉಡುಪಿಯ ಹತ್ತಿರ. ವರ್ಷಕ್ಕೊಮ್ಮೆ ಎರಡು ವಾರ ಬರುವವನು ಏನು ಸರಣಿ ಮಾಡಲು ಸಾಧ್ಯ?

ಉತ್ತರ: ವರ್ಷಕ್ಕೊಂದೇ ಚಿತ್ರ. ಅಮೆರಿಕದ ಫೋಟೊಗ್ರಾಫರ್ ನಿಕೋಲಸ್ ನಿಕ್ಸನ್ 1975ರಲ್ಲಿ ಶುರುಮಾಡಿ ತಮ್ಮ ಹೆಂಡತಿ ಮತ್ತು ಆಕೆಯ ಮೂವರು ಸೋದರಿಯರನ್ನು ನಾಲ್ಕು ದಶಕಗಳಿಗೂ ಮೀರಿ ಪ್ರತಿವರ್ಷ ಅದೇ ಸಾಲಿನಲ್ಲಿ ನಿಲ್ಲಿಸಿ, 8×10 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾದಲ್ಲಿ ತೆಗೆದರು. ನಿಮಗೆ ಇನ್ನೂ ಹತ್ತಿರದ್ದು ಫೋಟೊಗ್ರಾಫರ್ ಡಿಯಾನಾ ಡೈಕ್‌ಮನ್ ಅವರ ಕೆಲಸ: ಅಮೆರಿಕದ ಅಯೋವಾ ರಾಜ್ಯದ ತವರಿನಿಂದ ಹೊರಡುವಾಗಲೆಲ್ಲ ಕೈಬೀಸಿ ಬೀಳ್ಕೊಡುವ ತಂದೆತಾಯಿಯನ್ನು 1991ರಿಂದ 2017ರವರೆಗೆ ಕಾರಿನಿಂದ ತೆಗೆದರು. ಮೊದಲು ಇಬ್ಬರು, ಆಮೇಲೆ ತಾಯಿ ಒಬ್ಬರೇ, ಕೊನೆಗೆ ಯಾರೂ ಇಲ್ಲದ ಮನೆಯಂಗಳ.

ಒಂದು ಜಾಗ, ಒಂದು ಸಾಲು ಗೊತ್ತುಮಾಡಿ. ಲೆನ್ಸು, ಟ್ರೈಪಾಡಿನ ಎತ್ತರ, ದೂರ, ಗಂಟೆ ಬರೆದಿಡಿ. ಅಂಗಳದಲ್ಲಿ ಒಂದು ಕಲ್ಲು ಗುರುತಿಗಿರಲಿ. ಇಂಥ ಸರಣಿ ಕೆಡುವುದು ಸಾಮಾನ್ಯವಾಗಿ ಎರಡನೆಯ ಮೂರನೆಯ ವರ್ಷ, ‘ಈ ಸಲ ಇನ್ನೂ ಚೆನ್ನಾಗಿ’ ಎಂದು ಜಾಗ ಬದಲಿಸಿದಾಗ. ಒಬ್ಬರು ತೀರಿಕೊಂಡರೆ ಅವರ ಜಾಗ ಖಾಲಿ ಬಿಡಬೇಕೋ, ಉಳಿದವರು ಒತ್ತಿ ನಿಲ್ಲಬೇಕೋ ಎಂಬುದನ್ನು ಉಳಿದವರೇ ತೀರ್ಮಾನಿಸಲಿ.

ಪ್ರಶ್ನೆ: ಸಾವಿರಾರು ಫೋಟೊ ತೆಗೆದಿದ್ದೇನೆ. ಆರಿಸುವುದು, ಕಾಪಾಡುವುದು ಹೇಗೆ? (ಧಾರವಾಡದ ಓದುಗರು)

ಉತ್ತರ: ಮೊದಲ ಜಾಲಾಟದಲ್ಲಿ 150ಕ್ಕೆ ಇಳಿಸಿ 4×6 ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರವಿ. ಪರದೆಯ ಮೇಲೆ ಬೇರೆಬೇರೆ ಕಂಡ ಎರಡು ಚಿತ್ರಗಳು ಒಂದೇ ಮಾತು ಹೇಳುತ್ತಿರುವುದು ನೆಲದ ಮೇಲೆ ತಿಳಿಯುತ್ತದೆ. ಅವುಗಳಲ್ಲಿ ಒಂದನ್ನು ಕೈಬಿಡಿ. 30–40 ಉಳಿದರೆ ಪುಸ್ತಕಕ್ಕೆ ಸಾಕು. ಫೈಲುಗಳು ಮೂರು ಕಡೆ ಇರಲಿ: ಎರಡು ಹಾರ್ಡ್ ಡಿಸ್ಕ್, ಒಂದು ಕ್ಲೌಡ್; ಡಿಸ್ಕುಗಳಲ್ಲಿ ಒಂದು ಬೇರೆ ಮನೆಯಲ್ಲಿ. ಪ್ರಿಂಟಿನ ಹಿಂದೆ ಹೆಸರು, ಊರು, ತಾರೀಕು ಬರೆಯಲೇಬೇಕು. ಬಾಲ್‌ಪೆನ್ ಒತ್ತಿ ಬರೆದರೆ ಮುಂಭಾಗದಲ್ಲಿ ಗೀರು ಮೂಡುತ್ತದೆ. ಬೇಗ ಒಣಗುವ ಪರ್ಮನೆಂಟ್ ಪೆನ್ನಿನಲ್ಲಿ ಅಂಚಿಗೆ ಬರೆದು, ಪೂರ್ತಿ ಒಣಗಿದ ಮೇಲೆ ಒಂದರ ಮೇಲೊಂದು ಜೋಡಿಸಿ.