ಮುಖಪುಟದಲ್ಲಿ ಎರಡು ಹೆಸರು: ಬರೆದವರು ಯಾರು?

ಪ್ರಶ್ನೆ: ದಾದಾ (ಅಜ್ಜ) ಇಟ್ಟಿದ್ದ, ಪ್ರವಾದಿ ಮುಹಮ್ಮದರ ಜೀವನಚರಿತ್ರೆಯಾದ ಉರ್ದು ‘ಸೀರತುನ್ನಬಿ’ಯ ಮುಖಪುಟದಲ್ಲಿ ಶಿಬ್ಲಿ ನೊಮಾನಿ, ಸೈಯದ್ ಸುಲೈಮಾನ್ ನದ್ವಿ ಎಂದು ಎರಡು ಹೆಸರಿವೆ. ಇಸವಿ 1336 ಎಂದಿದೆ. ಶಾಲಾ ಸಂಚಿಕೆಗೆ ಲೇಖಕರ ಪರಿಚಯ ಬರೆಯಬೇಕು. ಯಾರ ಬಗ್ಗೆ ಬರೆಯಲಿ?
– ಓದುಗರು, ದಾವಣಗೆರೆ

ಉತ್ತರ: ಇಬ್ಬರ ಬಗ್ಗೆಯೂ ಬರೆಯಿರಿ, ಆದರೆ ಯಾರ ಪಾಲು ಎಷ್ಟೆಂದು ತಿಳಿಸಿ. ಏಳು ಸಂಪುಟಗಳಲ್ಲಿ ಮೊದಲೆರಡು ಶಿಬ್ಲಿಯವರವು. ಅವು ಅಚ್ಚಾಗುವ ಮೊದಲೇ, 1914ರ ನವೆಂಬರ್ 18ರಂದು ಅವರು ತೀರಿಕೊಂಡರು. ಹಸ್ತಪ್ರತಿ ತಿದ್ದಿ ಅಚ್ಚಿಗೆ ಕೊಟ್ಟು, ಮುಂದಿನ ಸಂಪುಟಗಳನ್ನು ಬರೆದವರು ಶಿಷ್ಯರಾದ ಸುಲೈಮಾನ್ ನದ್ವಿ (1884–1953). ಗುರುವಿನ ಕೆಲಸಕ್ಕೆ ಶಿಷ್ಯ ಹೀಗೆ ಜೀವ ಸವೆಸಿದ್ದು ನಿಮ್ಮ ಲೇಖನದಲ್ಲಿ ಬರಲೇಬೇಕು.

‘ನೊಮಾನಿ’, ‘ನದ್ವಿ’ ಮನೆತನದ ಹೆಸರುಗಳಲ್ಲ. ಮೊದಲನೆಯದು ನೊಮಾನ್ ಎಂಬ ಹೆಸರಿನ ಇಸ್ಲಾಮೀ ಧರ್ಮಶಾಸ್ತ್ರಜ್ಞ ಇಮಾಮ್ ಅಬೂ ಹನೀಫಾ ಅವರ ಮೇಲಿನ ಗೌರವಕ್ಕೆ. ಎರಡನೆಯದು ಲಖನೌದ ಇಸ್ಲಾಮೀ ವಿದ್ಯಾಸಂಸ್ಥೆ ನದ್ವತುಲ್ ಉಲಮಾದಲ್ಲಿ (ನದ್ವಾ) ಓದಿದ ಗುರುತು.

ಶಿಬ್ಲಿ 1857ರಲ್ಲಿ ಆಜಮ್‌ಗಢ ಜಿಲ್ಲೆಯಲ್ಲಿ ಹುಟ್ಟಿದರು. 1883ರಿಂದ ಸುಮಾರು 16 ವರ್ಷ ಅಲೀಗಢದಲ್ಲಿ ಪಾಠ ಹೇಳಿದರು. ಇಲ್ಲಿ ಅನೇಕರು ಎಡವುತ್ತಾರೆ: ಆಗ ಅಲ್ಲಿನ ಸಂಸ್ಥೆ ಕಾಲೇಜು, ವಿಶ್ವವಿದ್ಯಾಲಯವಾದದ್ದು 1920ರಲ್ಲಿ. ಸಹೋದ್ಯೋಗಿಯಾದ ಬ್ರಿಟಿಷ್ ವಿದ್ವಾಂಸ ಥಾಮಸ್ ಆರ್ನಲ್ಡ್ ಅವರಿಗೆ ಅರಬ್ಬಿ ಹೇಳಿಕೊಟ್ಟು, ಅವರಿಂದ ಫ್ರೆಂಚ್ ಕಲಿತರು. 1892ರಲ್ಲಿ ಇಸ್ತಾಂಬುಲ್, ಸಿರಿಯಾ, ಈಜಿಪ್ಟ್ ಸುತ್ತಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿಬಂದರು. ಖಲೀಫ ಉಮರ್ ಕುರಿತ ‘ಅಲ್-ಫಾರೂಕ್’ ಆಮೇಲಿನದು. ಬಳಿಕ ಹೈದರಾಬಾದ್, ನಂತರ ನದ್ವಾ. ‘ಸೀರತ್’ ಬರವಣಿಗೆಗೆ ಹಣದ ನೆರವು ಕೊಟ್ಟವರು ಭೋಪಾಲದ ಬೇಗಂ ಸುಲ್ತಾನ್ ಜಹಾನ್.

1336 ಹಿಜರಿ ವರ್ಷ, ಅಂದರೆ ಕ್ರಿ.ಶ. 622ರಿಂದ ಎಣಿಸುವ ಇಸ್ಲಾಮೀ ಚಾಂದ್ರ ಪಂಚಾಂಗದ್ದು. ಅಂಕಿಯ ಕೊನೆಗೆ ಉರ್ದುವಿನ ‘ಹೇ’ ಅಕ್ಷರವಿದ್ದರೆ ಹಿಜರಿ, ‘ಹಮ್ಜಾ’ ಇದ್ದರೆ ಕ್ರಿಸ್ತಶಕ. ಬರೀ 622 ಕೂಡಿಸಿದರೆ 1958 ಬಂದು ಲೆಕ್ಕ ತಪ್ಪುತ್ತದೆ, ಏಕೆಂದರೆ ಚಾಂದ್ರವರ್ಷ 11 ದಿನ ಚಿಕ್ಕದು. ಮೊದಲು 1336ನ್ನು 33ರಿಂದ ಭಾಗಿಸಿ; ಬಂದ 40ನ್ನು 1336ರಿಂದಲೇ ಕಳೆಯಿರಿ, ಆಮೇಲೆ 622 ಕೂಡಿಸಿ: 1918. ಒಂದು ವರ್ಷ ಹಿಂದುಮುಂದಾಗಬಹುದು.

ಪ್ರಶ್ನೆ: ಹಳೆಯ ಉರ್ದು ಪುಸ್ತಕದ ಹಾಳೆ ಮುಟ್ಟಿದರೆ ಮುರಿಯುತ್ತದೆ. ಟೇಪ್ ಅಂಟಿಸಲೇ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ. ಟೇಪಿನ ಅಂಟು ಹಳದಿಯಾಗಿ ಅಕ್ಷರಕ್ಕೆ ಇಳಿಯುತ್ತದೆ, ಕಿತ್ತರೆ ಶಾಯಿಯೂ ಬರುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸದೆ ಎರಡೂ ಬದಿಗೆ ಆಸರೆ ಕೊಟ್ಟು, ಕಿಟಕಿಯ ಬೆಳಕಲ್ಲಿ ಪುಟಪುಟವೂ ಫೋಟೊ ತೆಗೆಯಿರಿ. ಉರ್ದು ಪುಸ್ತಕದ ಮೊದಲ ಪುಟ ನಮ್ಮ ಕೊನೆಯ ಪುಟದ ಕಡೆಯಿಂದ ಶುರು. ಫೋಟೊಗಳಿಗೆ ಅದೇ ಕ್ರಮದಲ್ಲಿ ಸಂಖ್ಯೆ ಹಾಕಿ.