ಜುಲೈ 4ರ ಜನಜಂಗುಳಿ, ಹೊರಗಿನವನ ಕಣ್ಣಲ್ಲಿ

ಕಳೆದ ಸಂಚಿಕೆಯಲ್ಲಿ ಜಾನ್ ಲೂಯಿಸ್ ಕ್ರಿಮ್ಮೆಲ್ 1812ರಲ್ಲಿ ಬರೆದ ಜುಲೈ 4ರ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ, ಚಿತ್ರ ಹಾಕಿದ್ದೆವು. ಹಾವೇರಿಯ ಓದುಗರೊಬ್ಬರು ಕೇಳಿದ್ದಾರೆ: ‘ಜರ್ಮನಿಯಿಂದ ಬಂದು ಮೂರು ವರ್ಷವಾದವನಿಗೆ ಅಮೆರಿಕದವರ ಹಬ್ಬ ಏನು ಗೊತ್ತು? ಅಲ್ಲಿಯವರೇ ಬರೆದ ಚಿತ್ರ ಸಿಗಲಿಲ್ಲವೇ?’

ಕೇಳಬೇಕಾದ ಪ್ರಶ್ನೆಯೇ. ಆದರೆ ಆಗ ಅಲ್ಲಿನ ಕಲಾವಿದರ ಹೊಟ್ಟೆ ತುಂಬಿಸುತ್ತಿದ್ದದ್ದು ಉಳ್ಳವರ ಭಾವಚಿತ್ರ. ಬೀದಿಯ ಜನರನ್ನು ಬರೆಯುವವರು ತೀರಾ ಕಮ್ಮಿ. ಕ್ರಿಮ್ಮೆಲ್ 1809ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದದ್ದು ಅಲ್ಲಿದ್ದ ಸಹೋದರನ ವ್ಯಾಪಾರಕ್ಕೆ ಸೇರಲು. ಅದನ್ನು ಬಿಟ್ಟು ಸ್ಕೆಚ್ ಪುಸ್ತಕ ಹಿಡಿದ. 1815ರಲ್ಲಿ ಚುನಾವಣೆಯ ದಿನದ ನೂಕುನುಗ್ಗಲನ್ನೂ ಬರೆದ.

ಚಿತ್ರವನ್ನು ಇನ್ನೊಮ್ಮೆ ನೋಡಿ. ಊರ ನಡುವಿನ ಸೆಂಟರ್ ಸ್ಕ್ವೇರ್. ಹಿಂದೆ ಊರಿಗೆಲ್ಲ ನೀರು ಕೊಡುತ್ತಿದ್ದ ಪಂಪ್ ಹೌಸ್. ಮುಂದೆ ವಿಲಿಯಂ ರಶ್ ಮರದಲ್ಲಿ ಕೆತ್ತಿದ ಹೆಣ್ಣು, ಅವಳ ಹೆಗಲ ಮೇಲೊಂದು ಕೊಕ್ಕರೆಯಂಥ ಹಕ್ಕಿ. ಅದರ ಕೊಕ್ಕಿನಿಂದ ನೀರು ಚಿಮ್ಮುತ್ತಿದೆ. ಚೆಂದದ ಉಡುಪಿನ ಹೆಂಗಸರು, ಸಾದಾ ಬಟ್ಟೆಯ ಕ್ವೇಕರ್ ಪಂಥದವರು. ಎಲ್ಲರೂ ಸುಮ್ನೆ ಅಡ್ಡಾಡಲು ಬಂದ ಹಾಗಿದೆ, ಅಲ್ವಾ?

ಏಳು ವರ್ಷ ಬಿಟ್ಟು, 1819ರಲ್ಲಿ, ಅದೇ ಜಾಗವನ್ನು ಅವನು ಮತ್ತೆ ಬರೆದ. ನಡುವೆ ಬ್ರಿಟನ್ ಜೊತೆ ಯುದ್ಧ ನಡೆದುಹೋಗಿತ್ತು. ಈಗ ಗುಡಾರಗಳು ಎದ್ದಿವೆ. ವಾಷಿಂಗ್ಟನ್ನರ ಪಟ, ಯುದ್ಧದ ಚಿತ್ರಗಳು ತೂಗಾಡುತ್ತಿವೆ. ಕುಡಿದವರ ಗದ್ದಲ, ಹಿಂದೆ ಸಿಪಾಯಿಗಳ ಸಾಲು. ಮೊದಲಿನ ನಿಧಾನ ಎಲ್ಲಿಯೂ ಇಲ್ಲ. ಎರಡು ಸಲವೂ ಅವನ ಕಣ್ಣು ಭಾಷಣ ಮಾಡುವವರ ಕಡೆ ಹೋಗದೆ ಜನರ ಮೇಲೇ ನಿಂತಿತು. ಅದಕ್ಕೇ ನನಗೆ ಅವನು ಜಾಸ್ತಿ ಇಷ್ಟ.

ಆದರೂ ಆ ಚಿತ್ರದಿಂದಷ್ಟೇ ಎಲ್ಲ ತಿಳಿಯುವುದಿಲ್ಲ. ಅದೇ ಊರಿನ ಜೇಮ್ಸ್ ಫೋರ್ಟನ್ ಹಡಗಿನ ಹಾಯಿ ಹೊಲಿಸುವ ಉದ್ಯಮಿ, ಕಪ್ಪುಜನರ ಮುಂದಾಳು. ಹುಡುಗನಾಗಿದ್ದಾಗಲೇ ಸ್ವಾತಂತ್ರ್ಯದ ಯುದ್ಧದಲ್ಲಿ ಹಡಗು ಹತ್ತಿದವರು. 1813ರಲ್ಲಿ ಅವರು ಬರೆದರು: ಇಂಥ ಹಬ್ಬದ ದಿನ ಮಧ್ಯಾಹ್ನ ಹನ್ನೆರಡು ದಾಟಿದರೆ ಕಪ್ಪುಜನ ಮೈದಾನದಲ್ಲಿ ಮುಖ ತೋರಿಸುವ ಹಾಗಿಲ್ಲ. ಇದನ್ನೂ ಚಿತ್ರದ ಜೊತೆಗೇ ಹಾಕಬೇಕಿತ್ತು. ಹಾಕದಿದ್ದದ್ದು ನಮ್ಮ ತಪ್ಪು. ಕ್ರಿಮ್ಮೆಲ್ ಕಪ್ಪುಜನರನ್ನು ಕಾಣದವನೇನಲ್ಲ. 1811ರಲ್ಲೇ ಮಾರುಕಟ್ಟೆಯಲ್ಲಿ ಸೂಪು ಮಾರುವ ಕಪ್ಪು ಹೆಂಗಸನ್ನು ಚಿತ್ರದ ನಡುವೆ ಕೂರಿಸಿದ್ದ.

1821ರ ಜುಲೈಯಲ್ಲಿ ಅವನು ಊರ ಹೊರಗಿನ ಕೊಳವೊಂದರಲ್ಲಿ ಮುಳುಗಿ ತೀರಿಕೊಂಡ. ಆಗ ಅವನಿಗೆ 35. ಆ ಚೌಕದಲ್ಲಿ ಈಗ ಸಿಟಿ ಹಾಲ್ ಇದೆ. ಮುಂದಿನ ಸಂಚಿಕೆಯಲ್ಲಿ 1819ರ ಚಿತ್ರ ಹಾಕುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಮಗೆ ಕಂಡದ್ದನ್ನು ಮತ್ತೆ ಬರೆಯಿರಿ.

– ಸಂಪಾದಕ